ಟಕ್ ಎಂದ ಮೇಲೆ

ನಮ್ಮ ಅಡುಗೆಮನೆಯ ಗ್ಯಾಸ್ ಲೈಟರಿಗೆ ವಯಸ್ಸಾಗಿದೆ. ಒಂದೇ ಏಟಿಗೆ ಕಿಡಿ ಕೊಟ್ಟರೆ ತನ್ನ ಮರ್ಯಾದೆ ಏನಾದೀತು ಎಂಬ ಬಿಗುಮಾನ ಅದಕ್ಕೆ. ಮೊದಲು ಬರೀ ‘ಟಕ್’ ಎನ್ನುತ್ತದೆ. ಬೇರೆ ಮನೆಗಳಲ್ಲಾದರೆ ಟಕ್ ಟಕ್ ಟಕ್ ಎಂದು ಒತ್ತುತ್ತಲೇ ಹೋಗುತ್ತಾರೆ. ನಾನು ಹಾಗಲ್ಲ. ಗ್ಯಾಸ್ ಆರಿಸುತ್ತೇನೆ, ಲೈಟರಿನ ಬಾಯಿಯನ್ನು ಗೋಡೆಯ ಕಡೆ ತಿರುಗಿಸುತ್ತೇನೆ, ಆಮೇಲೆ ಉಸಿರು ಬಿಗಿಹಿಡಿದು ಕಿವಿಗೊಟ್ಟು ನಿಲ್ಲುತ್ತೇನೆ. ಯಾವ ಸದ್ದಿಗಾಗಿ ಎಂದು ನೀವು ಕೇಳಿದರೆ ಥಟ್ಟನೆ ಹೇಳುವುದು ಕಷ್ಟ.

ಮದುವೆಯಾಗಿ ಹುಕ್ಕೇರಿಗೆ ಹೋದ ಹೊಸದರಲ್ಲಿ ಒಂದು ಸಂಜೆ ದೀಪದ ಗುಂಡಿ ಒತ್ತಿದೆ. ಕರೆಂಟು ಇರಲಿಲ್ಲ. ಟಕ್ ಎಂದಿತು, ದೀಪ ಹತ್ತಲಿಲ್ಲ. ಗುಂಡಿಯ ಮುಂದೆ ನಾನು ಕಂಬದ ಹಾಗೆ ನಿಂತಿದ್ದನ್ನು ಕಂಡ ಅತ್ತೆ, ಸೊಸೆಗೆ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿಸಿ ಬೀದಿಗೆ ಒಗೆದು ಬಂದರು. ಈಗ ಗೋಕಾಕದಲ್ಲಿ ನಮ್ಮದೇ ಮನೆ ಆಗಿದೆ, ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಮಕ್ಕಳಿಗೂ ನನ್ನ ಗುಟ್ಟು ಗೊತ್ತಾಗಿಬಿಟ್ಟಿದೆ. ಮಗ್ಗಿ ಕೇಳುತ್ತಾ ನಾನು ಹತ್ತಿರ ಬಂದರೆ ಹಿಂದಿನ ಬೆಂಚಿನಿಂದ ಯಾರೋ ಬಾಲ್ ಪೆನ್ನನ್ನು ಟಕ್ ಎನಿಸುತ್ತಾರೆ. ನಾನು ನಡುವೆಯೇ ನಿಲ್ಲುತ್ತೇನೆ. ಅಷ್ಟರಲ್ಲಿ ಮಗ್ಗಿ ಬಾರದವನು ಪಕ್ಕದವನನ್ನು ಕೇಳಿಕೊಂಡಿರುತ್ತಾನೆ. ಮನೆಗೆ ಬಂದ ಅತಿಥಿಗಳಿಗೆ ನಮ್ಮ ಯಜಮಾನರು, ಇಲ್ಲಿ ಚಹಾ ಬೇಕೆಂದರೆ ಮುಂಚಿತವಾಗಿ ಅರ್ಜಿ ಕೊಟ್ಟಿರಬೇಕು ಎಂದು ಹೇಳಿ ನಗುತ್ತಾರೆ.

ಈ ಚಟ ನನಗೆ ಅಂಟಿದ್ದು ಕಾಕಾನಿಂದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಮ್ಮದು ಮಮದಾಪುರದ ಕುರಿ ಮತ್ತು ಜೋಳದ ಮನೆತನ. ಎಲ್ಲರೂ ಕುರಿಯ ಹಿಂದೆ ಹೋದರೆ ಕಾಕಾ ಒಬ್ಬ ಮಿಲಿಟರಿಗೆ ಹೋದ. ಪೆನ್ಶನ್ ಆಗಿ ತಿರುಗಿ ಬಂದಾಗ ಅವನ ಜೊತೆ ಒಂದು ಕಬ್ಬಿಣದ ಟ್ರಂಕು, ಚಮಚದಲ್ಲಿ ಉಣ್ಣುವ ರೂಢಿ, ಮತ್ತು ಯಾರೋ ದೊಡ್ಡ ಸಾಹೇಬರ ಶಿಫಾರಸಿನಿಂದ ಸಿಕ್ಕ ಒಂದು ಬಂದೂಕಿನ ಪರವಾನಿಗೆ ಬಂದವು. ಚಮಚವನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಂದೇ ವಾರದಲ್ಲಿ ಬಿಡಿಸಿದಳು. ಬಂದೂಕು ಉಳಿಯಿತು. ಅದು ಹಳೇ ಮಿಲಿಟರಿ ರೈಫಲು. ನಮ್ಮ ಕಡೆ ಆಗ ತೋಳದ ಕಾಟ ಬಹಳ. ಹಟ್ಟಿಯ ಹತ್ತಿರ ತೋಳ ಸುಳಿದರೆ ಕಾಕಾ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದ. ಅದು ಹೆದರಿ ಓಡಬೇಕು, ಅಷ್ಟೇ.

ಬಂದೂಕು ಬಂತು, ಕಾಡತೂಸು ಬೇಡವೇ? ಹೊಸ ಕಾಡತೂಸು ಕೊಳ್ಳುವುದು ಪೆನ್ಶನ್ನಿನವನಿಗೆ ಆಗುವ ಮಾತಲ್ಲ. ಬೆಳಗಾವಿಯಲ್ಲಿ ಪರವಾನಿಗೆಯ ಒಂದು ಅಂಗಡಿಯಿತ್ತು. ಅಲ್ಲಿ ಮಿಲಿಟರಿಯವರು ಹಳೆಯದಾಯಿತೆಂದು ಬಿಟ್ಟುಕೊಟ್ಟ ಮಾಲು ಸೋವಿಯಾಗಿ ಸಿಗುತ್ತಿತ್ತು. ಸಂತೆಯಲ್ಲಿ ಆಯಿ ಬದನೆಕಾಯಿ ಆರಿಸುವ ಹಾಗೆ ಕಾಕಾ ಅಲ್ಲಿ ಕಾಡತೂಸು ಆರಿಸುತ್ತಿದ್ದ. ಒಂದೊಂದನ್ನೂ ಬೆಳಕಿಗೆ ಹಿಡಿದು, ಹಸಿರು ಕಿಲುಬು ಹತ್ತಿದ್ದನ್ನು ಬದಿಗಿಟ್ಟು, ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಗಡಿಯವನಿಗೆ ತಿರುಗಿ ಕೊಟ್ಟು, ಉಳಿದದ್ದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತರುತ್ತಿದ್ದ. ಡಬ್ಬಿಗೆ ಒಲೆಯಿಂದ ದೂರದ ಒಣ ಮೂಲೆಯ ಪೆಟ್ಟಿಗೆಯೇ ಸ್ಥಾನ. ಪೆಟ್ಟಿಗೆಗೆ ಕೀಲಿ, ಕೀಲಿಗೆ ಕಾಕಾನ ಉಡದಾರ.

ಆ ಹಳೇ ಮಾಲಿನ ಹಿಂಬದಿಯಲ್ಲಿ ಕಿಡಿ ಕೊಡುವ ಕೇಪಿನಲ್ಲಿ ಉಪ್ಪಿನಂಥದೇನೋ ಇರುತ್ತಿತ್ತಂತೆ. ಹಾರಿಸಿ ಒಂದು ದಿನ ಕಳೆಯುವುದರೊಳಗೆ ನಳಿಕೆಯ ಒಳಗೆ ಕುದಿಯುವ ನೀರು ಸುರಿದು ತೊಳೆಯದಿದ್ದರೆ ತುಕ್ಕು ಹಿಡಿದು ಬಂದೂಕು ಹಾಳು. ಹಾಗಾಗಿ ತೋಳ ಬಂದು ಹೋದ ಮರುದಿನ ಬೆಳಿಗ್ಗೆ ಹಂಡೆಯ ಮೊದಲ ನೀರು ಬಂದೂಕಿಗೆ. ಚಳಿಯಲ್ಲಿ ನಡುಗುತ್ತಾ ನಾನು ಬಚ್ಚಲಿನ ಹೊರಗೆ ನಿಂತಿರುತ್ತಿದ್ದೆ. ಒಳಗೆ ಬಂದೂಕಿನ ಸ್ನಾನ ನಡೆಯುತ್ತಿತ್ತು. ಮೈ ಒರೆಸಿ, ಎಣ್ಣೆ ಸವರಿ, ಬಟ್ಟೆ ಸುತ್ತಿ ಒಳಗಿಟ್ಟ ಮೇಲೆ ನನ್ನ ಪಾಳಿ. ಅಷ್ಟೊತ್ತಿಗೆ ನೀರು ಉಗುರುಬೆಚ್ಚಗಾಗಿರುತ್ತಿತ್ತು. ಆ ಬಂದೂಕಿನ ಮೇಲೆ ನನಗಿದ್ದ ಸಿಟ್ಟು ಸಣ್ಣದಲ್ಲ.

ಹಳೇ ಮಾಲಿನ ನಿಜವಾದ ಹುಳುಕು ಬೇರೆಯೇ ಇತ್ತು. ಬಂದೂಕಿನ ಕುದುರೆ ಎಳೆದರೆ ಒಮ್ಮೊಮ್ಮೆ ಬರೀ ಟಕ್ ಎನ್ನುತ್ತಿತ್ತು. ಹೊಸಬರು ಅಂಥ ಹೊತ್ತಿನಲ್ಲಿ ಬಂದೂಕನ್ನು ತಿರುಗಿಸಿ ಬಾಯಿಯೊಳಗೆ ಇಣುಕುತ್ತಾರಂತೆ, ಇಲ್ಲವೇ ಗಡಿಬಿಡಿಯಲ್ಲಿ ತೆಗೆಯಲು ಹೋಗುತ್ತಾರಂತೆ. ಕಾಕಾ ಅಲ್ಲಾಡುತ್ತಿರಲಿಲ್ಲ. ಮೊದಲು ಎತ್ತ ಹಿಡಿದಿದ್ದನೋ ಅತ್ತಲೇ ಹಿಡಿದು, ಎವೆಯಿಕ್ಕದೆ ನಿಲ್ಲುತ್ತಿದ್ದ. ಸುತ್ತ ಇದ್ದವರೂ ಬಾಯಿ ಮುಚ್ಚಿ ನಿಲ್ಲಬೇಕು. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ ಅವನು ಹೇಳಿದ ಮಾತು ಇದು:

“ಟಕ್ ಅಂದದ್ದು ಸತ್ತೈತಿ ಅಂತ ತಿಳೀಬ್ಯಾಡ. ವಿಚಾರ ಮಾಡಾಕತ್ತಿರತೈತಿ.”

ಅದು ವಿಚಾರ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಬ್ಬಿನ ಬದುವಿನಲ್ಲಿ ಹಾಡುಹಗಲು ಕಾಡುಹಂದಿ ಬೆದರಿಸಲು ಕಾಕಾ ಮೇಲಕ್ಕೆ ಗುರಿ ಹಿಡಿದು ಕುದುರೆ ಎಳೆದ. ಟಕ್. ಹಂದಿ ಆರಾಮವಾಗಿ ತಿನ್ನುತ್ತಲೇ ಇತ್ತು. ಬುತ್ತಿ ತಂದಿದ್ದ ಆಯಿ ಏನೋ ಹೇಳಲು ಬಾಯಿ ತೆರೆದಳು, ಕಾಕಾ ಕಣ್ಣಲ್ಲೇ ಗದರಿದ. ಕಬ್ಬಿನ ಎಲೆ ಒಂದಕ್ಕೊಂದು ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಯಾರ ಬೆರಳೂ ತಾಕದೆ, ಬಂದೂಕು ತಾನೇ ತಾನಾಗಿ ಢಂ ಎಂದಿತು. ಆಯಿಯ ಕೈಯಿಂದ ಬುತ್ತಿ ಬಿತ್ತು. ಅಂದಿನಿಂದ ನನಗೆ ಢಂ ಎನ್ನುವುದರ ಭಯ ಹೋಗಿ ಅದರ ಮುಂಚಿನ ಮೌನದ ಭಯ ಹಿಡಿಯಿತು. ಈಗಲೂ ಬಿಟ್ಟಿಲ್ಲ.

ಇಂಥ ಶಿಸ್ತಿನ ಕಾಕಾ ಒಂದು ವಿಷಯದಲ್ಲಿ ಮಾತ್ರ ಮೆತ್ತಗಾಗುತ್ತಿದ್ದ. ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಕುಡಗೋಲು, ಕೊಡಲಿ ಎಲ್ಲವನ್ನೂ ತೊಳೆದು ದೇವರ ಜಗಲಿಯ ಮುಂದೆ ಸಾಲಾಗಿ ಇಡುತ್ತಾರೆ. ಬಂದೂಕಿನ ಜೊತೆ ಕಾಡತೂಸುಗಳೂ ಕೂಡುತ್ತಿದ್ದವು. ಆಯಿ ಒಂದೊಂದಕ್ಕೂ ಔಡಲ ಎಣ್ಣೆ ಸವರಿ, ಅರಿಸಿನ ಹಚ್ಚಿ, ಕೂಸುಗಳಿಗೆ ಎರೆಯುವಷ್ಟು ಅಕ್ಕರೆಯಿಂದ ತಲೆ ತಟ್ಟಿ ಮಲಗಿಸುತ್ತಿದ್ದಳು. ಬಂದೂಕಿಗೆ ಎಣ್ಣೆ ಬೇಕು, ಕಾಡತೂಸಿಗೆ ಬೇಡ ಎಂಬುದು ಕಾಕಾನಿಗೆ ಗೊತ್ತಿತ್ತು. ಆದರೆ ದೇವರ ಮುಂದೆ ತಾಯಿಗೆ ಎದುರಾಡುವುದು ಹೇಗೆ? ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕುತ್ತಿದ್ದ. ಅಷ್ಟು ಸಾಕೆಂದು ಅವನ ಎಣಿಕೆ.

ಈಗ ನನ್ನ ಬಾಲ್ಯದ ಒಂದು ಗೆಲುವಿನ ಕಥೆ ಹೇಳಬೇಕು. ಗೆಲುವುಗಳು ನನ್ನ ಪಾಲಿಗೆ ಕಡಿಮೆ, ಆದ್ದರಿಂದ ಇದನ್ನು ಸಿಕ್ಕವರಿಗೆಲ್ಲ ಹೇಳಿದ್ದೇನೆ. ನಮ್ಮಲ್ಲಿ ಆಗ ಕಲ್ಲಾಗುವ ಆಟ ಆಡುತ್ತಿದ್ದೆವು. ಕಲ್ಲಾದವರು ಅಲ್ಲಾಡಬಾರದು, ಮೊದಲು ಅಲ್ಲಾಡಿದವರು ಸೋತಂತೆ. ಒಂದು ಚಳಿಗಾಲ, ದೀಪ ಹಚ್ಚುವ ಹೊತ್ತು, ಮಂಜು ನೆಲಕ್ಕೆ ಇಳಿದಿತ್ತು. ಹಟ್ಟಿಯಲ್ಲಿ ಒಂದು ಕುರಿ ಮರಿ ಹಾಕಿತ್ತು. ಮರಿಯನ್ನು ನೋಡುವ ಆಸೆಗೆ ನಾನು ಆಯಿಯ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಯಾರಿಗೂ ಹೇಳದೆ ಹಟ್ಟಿಗೆ ನುಸುಳಿ, ಕುರಿಗಳ ನಡುವೆ ಕೈಕಾಲೂರಿ ಮರಿಯ ಕಡೆ ಹೋಗುತ್ತಿದ್ದೆ. ಆಗ ಟಕ್ ಎಂದಿತು. ತಲೆ ಎತ್ತಿದೆ. ಕುರಿಗಳೆಲ್ಲ ಒಟ್ಟಿಗೆ ಒಂದೇ ಕಡೆ ಮುಖ ಮಾಡಿ ನಿಂತಿದ್ದವು, ಒಂದರ ಕೊರಳ ಗಂಟೆಯೂ ಅಲುಗುತ್ತಿರಲಿಲ್ಲ. ನಮ್ಮ ನಾಯಿ ನನ್ನ ಪಕ್ಕದಲ್ಲಿ ಬಾಲ ಆಡಿಸುತ್ತಿತ್ತು. ಆಚೆ ದಿಬ್ಬದ ಮೇಲೆ ಕಾಕಾ, ಮಂಜಿನಲ್ಲಿ ಅರ್ಧ ಮುಳುಗಿ, ಬಂದೂಕು ಹಿಡಿದು ಕಲ್ಲಾಗಿದ್ದ.

ಆಟ ಶುರುವಾಯಿತೆಂದು ನಾನೂ ಕಲ್ಲಾದೆ. ಕಂಬಳಿ ಜಾರಿದರೂ ಎಳೆದುಕೊಳ್ಳಲಿಲ್ಲ. ಕಾಕಾ ಬಂದೂಕಿನ ಬಾಯಿಯನ್ನು ಬಹಳ ಮೆಲ್ಲಗೆ, ಅದಕ್ಕೂ ಗೊತ್ತಾಗದ ಹಾಗೆ ಮೇಲಕ್ಕೆ ಎತ್ತಿದ. ಆಮೇಲೆ ಇಬ್ಬರೂ ಹಾಗೇ ಇದ್ದೆವು. ಕತ್ತಲಾಗುತ್ತಾ ಬಂತು. ಕಡೆಗೆ ಅವನೇ ಸೋತ. ದಿಬ್ಬದ ಮೇಲೆ ಕುಳಿತುಬಿಟ್ಟ. ನಾನು ಕಂಬಳಿ ಬೀಸುತ್ತಾ ಓಡಿಹೋಗಿ, ನಾನು ಗೆದ್ದೆ, ನಾನು ಗೆದ್ದೆ ಎಂದು ಅವನ ಸುತ್ತ ಕುಣಿದೆ. ಸೋತವರ ಮುಖ ನೋಡಿ ಹಿಗ್ಗುವ ವಯಸ್ಸು ಅದು, ಮನಸಾರೆ ಹಿಗ್ಗಿದೆ.

ಅದಾದ ಮುಂದಿನ ವಾರವೇ ಕಾಕಾ ಉಳಿದ ಕಾಡತೂಸುಗಳ ಡಬ್ಬಿ ಹಿಡಿದು ಬೆಳಗಾವಿಗೆ ಹೊರಟ. ನನಗೆ ಶಾಲೆಯ ಚಪ್ಪಲಿ ಬೇಕಿದ್ದರಿಂದ ನಾನೂ ಬಾಲ ಹಿಡಿದೆ. ಅಂಗಡಿಯಲ್ಲಿ ಕಾಕಾ ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಇವು ಯಾಕೆ ಸುಮ್ಮನಿರುತ್ತವೆ ಎಂದು ಮಾತ್ರ ಕೇಳಿದ. ಅಂಗಡಿಯವನು ಒಂದು ಕಾಡತೂಸು ಎತ್ತಿ ಮೂಸಿ ನೋಡಿದ. ಇನ್ನೊಂದನ್ನೂ ಮೂಸಿದ.

“ಏನ್ರಿ ಇದು, ಎಣ್ಣಿ ಹಚ್ಚಿ ಎರದೀರೇನು ಇವಕ್ಕ?”

ಎಣ್ಣೆ ಕೇಪಿನ ಸಂದಿಯಿಂದ ಒಳಗಿಳಿದು ಮದ್ದನ್ನು ಮಲಗಿಸುತ್ತದೆ ಎಂದು ಅವನು ವಿವರಿಸಿದ. ಪೂರ್ತಿ ಮಲಗಿತೋ ಅರ್ಧ ಮಲಗಿತೋ ಹೊರಗಿನಿಂದ ಹೇಳಲು ಬರುವುದಿಲ್ಲ, ಅದೇ ಅಪಾಯ, ಇವನ್ನೆಲ್ಲ ಬಿಟ್ಟುಹೋಗಿ ಎಂದ. ಕಾಕಾ ಡಬ್ಬಿಯನ್ನು ಹಾಗೇ ಬಿಟ್ಟು ಬಂದ. ಬಸ್ಸಿನಲ್ಲಿ ಘಟಪ್ರಭೆಯ ಸೇತುವೆ ದಾಟುವವರೆಗೂ ನನ್ನ ಕೈ ಬಿಡಲಿಲ್ಲ. ಊರಿಗೆ ಬಂದು ಆಯಿಗೂ ಅವ್ವನಿಗೂ ಎಣ್ಣೆಯ ಸುದ್ದಿ ಹೇಳಿದ. ಆ ಮೇಲೆ ಅವನು ಕಾಡತೂಸು ಕೊಳ್ಳಲಿಲ್ಲ, ಒಂದು ಗುಂಡೂ ಹಾರಿಸಲಿಲ್ಲ. ಬಂದೂಕಿಗೆ ಬಿಸಿನೀರಿನ ಯೋಗ ತಪ್ಪಿತು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು, ಒರೆಸಿ ಒಳಗಿಡುವುದು, ಇಷ್ಟೇ ಅದರ ಸಂಚಾರ.

ವಯಸ್ಸಾದಂತೆ ಕಾಕಾ ಮಾತು ಕಡಿಮೆ ಮಾಡಿದ. ಮದುವೆಯಂತೂ ಆಗಲೇ ಇಲ್ಲ. ನಾನು ತವರಿಗೆ ಹೋದಾಗಲೆಲ್ಲ ಹತ್ತಿರ ಕರೆದು ತಲೆಯ ಮೇಲೆ ಕೈ ಇಡುತ್ತಿದ್ದ. ಅದು ಆಶೀರ್ವಾದದ ಕೈ ಆಗಿರಲಿಲ್ಲ. ಹೆಬ್ಬೆರಳು ನೆತ್ತಿಯಿಂದ ಹಣೆಗೆ, ಹಣೆಯಿಂದ ಕಿವಿಯ ಹಿಂದಕ್ಕೆ ಮೆಲ್ಲಗೆ ಸವರುತ್ತಾ ಏನನ್ನೋ ಹುಡುಕುತ್ತಿತ್ತು. ಸಿಗದಿದ್ದಾಗ ಕೈ ತೆಗೆಯುತ್ತಿದ್ದ. ಒಬ್ಬನೇ ಕುಳಿತಾಗ ಕಟ್ಟೆಯ ಮೇಲಿನ ನಾಯಿಯನ್ನು ನೋಡುತ್ತಾ ಒಂದೇ ಮಾತು ಹೇಳಿಕೊಳ್ಳುತ್ತಿದ್ದ: “ನಾಯಿ ಬೊಗಳಲಿಲ್ಲ ಅಲ್ಲ.” ಮುದುಕರ ಬಡಬಡಿಕೆ ಎಂದು ನಾನು ಚಹಾ ತರಲು ಒಳಗೆ ಹೋಗುತ್ತಿದ್ದೆ.

ಕಾಕಾ ಹೋದ ವರ್ಷ ತೀರಿಕೊಂಡ. ಬಂದೂಕನ್ನೂ ಪರವಾನಿಗೆಯನ್ನೂ ಕಾಯ್ದೆಯಂತೆ ಠಾಣೆಗೆ ಒಪ್ಪಿಸಿದೆವು. ಮನೆಯಿಂದ ಆ ಕಬ್ಬಿಣದ ಪೀಡೆ ತೊಲಗಿತೆಂದು ನನಗೆ ಹಗುರವೇ ಆಯಿತು.

ಈ ವರ್ಷ ಅಮಾವಾಸ್ಯೆಯ ದಿನ, ಅಂದರೆ ನವರಾತ್ರಿಗೆ ಘಟ್ಟ ಹಾಕುವ ಹಿಂದಿನ ದಿನ, ಅವ್ವನಿಗೆ ಸಹಾಯ ಮಾಡಲು ಮಮದಾಪುರಕ್ಕೆ ಹೋದೆ. ಘಟ್ಟ ಹಾಕಿದರೆ ಮಹಾನವಮಿಯವರೆಗೆ ಜಗಲಿಯ ದೀಪ ಹಗಲೂ ರಾತ್ರಿ ಆರಬಾರದು. ಅವ್ವನಿಗೆ ಬೆನ್ನು ಬಾಗಿದೆ, ಆದರೂ ಜಗಲಿಯನ್ನು ಬೇರೆಯವರು ಮುಟ್ಟುವುದು ಅವಳಿಗೆ ಸೇರದು. ಅವಳು ಹಿತ್ತಲಿಗೆ ಹೋದ ಸಮಯ ನೋಡಿ ನಾನೇ ತೊಳೆಯಲು ಶುರುಮಾಡಿದೆ. ಬೀರದೇವರ ಹಿಂದೆ, ದೀಪದ ಕಂಬಕ್ಕೆ ಆತುಕೊಂಡು ಭಂಡಾರದ, ಅಂದರೆ ದೇವರ ಅರಿಸಿನದ ಡಬ್ಬಿಯಿತ್ತು. ಅರಿಸಿನ ಗಟ್ಟಿಯಾಗಿದೆಯೇ ಎಂದು ಬೆರಳಾಡಿಸಿದೆ. ಏನೋ ತಣ್ಣಗೆ, ಜಿಡ್ಡು ಜಿಡ್ಡಾಗಿ ಬೆರಳಿಗೆ ತಾಗಿತು.

ಕಾಡತೂಸು. ಅರಿಸಿನ ಮತ್ತು ಎಣ್ಣೆ ಸೇರಿ ಕಪ್ಪಾಗಿತ್ತು. ಒರೆಸಿ ಹಿಂಬದಿ ನೋಡಿದೆ. ಕೇಪಿನ ನಟ್ಟನಡುವೆ ಬಂದೂಕಿನ ಸೂಜಿ ಹೊಡೆದ ಪುಟ್ಟ ಗುಳಿ. ತುದಿಯಲ್ಲಿ ಗುಂಡು ಹಾಗೇ ಇತ್ತು. ಅದು ಟಕ್ ಎಂದಿತ್ತು, ಢಂ ಎಂದಿರಲಿಲ್ಲ. ಇಷ್ಟು ವರ್ಷ ದೀಪದಿಂದ ಒಂದು ಗೇಣು ದೂರದಲ್ಲಿ, ಅವ್ವ ದಿನಾ ಹಣೆ ಹಚ್ಚುವ ಜಾಗದಲ್ಲಿ, ವಿಚಾರ ಮಾಡುತ್ತಾ ಕುಳಿತಿತ್ತು. ಗುಂಡಿನ ತುದಿಯನ್ನು ಬರೀ ಗೋಡೆಯ ಕಡೆ ತಿರುಗಿಸಿ, ಮೆಲ್ಲಗೆ ಕಿಟಕಿಯ ಕಲ್ಲಿನ ಮೇಲೆ ಇಟ್ಟೆ. ಇಟ್ಟ ಮೇಲೂ ಉಸಿರಾಡಲಿಲ್ಲ.

ಅವ್ವ ಬಂದಳು. ಕಾಡತೂಸು ನೋಡಿದಳು, ನನ್ನ ಮುಖ ನೋಡಿದಳು. ಗದರುತ್ತಾಳೆ ಅಂದುಕೊಂಡಿದ್ದೆ, ಗದರಲಿಲ್ಲ. ಅದನ್ನು ಇದ್ದಲ್ಲಿ ಇಡು ಎಂದಳು. ನಾನು ಆಗದು ಎಂದೆ. ನಾಳೆಯಿಂದ ಹಗಲೂ ರಾತ್ರಿ ದೀಪ ಉರಿಯುತ್ತದೆ, ಬಿಸಿಗೆ ಏನಾದರೂ ಆದರೆ ನಿನ್ನ ಗತಿ ಏನು, ಪರವಾನಿಗೆ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ ಬೇರೆ ಎಂದು ಶಾಲೆಯ ದನಿಯಲ್ಲಿ ಉಪದೇಶ ಮಾಡಿದೆ. ಅವಳು ಕೇಳಿಸಿಕೊಳ್ಳುತ್ತಾ ಕಂಬಕ್ಕೆ ಒರಗಿ ಕುಳಿತಳು.

“ಅದು ನಿನಗ ಹೊಡದದ್ದವ್ವಾ.”

ಹೀಗೆ ಹೇಳಿ, ಉಳಿದದ್ದನ್ನು ಬತ್ತಿ ಹೊಸೆಯುತ್ತಾ ಹೇಳಿದಳು. ಆ ಮಂಜಿನ ಸಂಜೆಯ ಹಿಂದಿನ ದಿನಗಳಲ್ಲಿ ತೋಳ ಎರಡು ಕುರಿ ಒಯ್ದಿತ್ತು. ಕಾಕಾನಿಗೆ ಸಿಟ್ಟು ನೆತ್ತಿಗೇರಿತ್ತು. ಇವತ್ತು ಆಕಾಶಕ್ಕೆ ಹಾರಿಸುವುದಿಲ್ಲ ಎಂದು ದಿಬ್ಬದ ಮೇಲೆ ಕಾದು ನಿಂತಿದ್ದ. ಮಂಜಿನಲ್ಲಿ ಕುರಿಗಳ ನಡುವೆ ಬೂದುಬಣ್ಣದ್ದೊಂದು ಕೈಕಾಲೂರಿ ಮರಿಯ ಕಡೆ ಹೋಗುವುದು ಕಂಡಿತು. ಸರಿಯಾಗಿ ತಲೆಗೇ ಗುರಿಯಿಟ್ಟ. ಎಳೆದ. ಟಕ್ ಎಂದ ಮೇಲೆ ಆ ಬೂದುಬಣ್ಣದ್ದು ತಲೆ ಎತ್ತಿತು. ಕಂಬಳಿಯೊಳಗೆ ನನ್ನ ಮುಖ ಇತ್ತು.

ಟಕ್ ಎಂದ ಬಂದೂಕನ್ನು ಅಲ್ಲಾಡಿಸಬಾರದು, ಎತ್ತ ಇತ್ತೋ ಅತ್ತಲೇ ಹಿಡಿಯಬೇಕು. ಅತ್ತ ನಾನಿದ್ದೆ. ಕೂಗಿದರೆ ನಾನು ಹೆದರಿ ಎತ್ತ ಓಡುವೆನೋ ಗೊತ್ತಿಲ್ಲ. ಅವನು ಬಂದೂಕನ್ನು ಮೇಲಕ್ಕೆ ಎತ್ತಿದ ಆ ಹೊತ್ತಿನಲ್ಲಿ ಅದು ಯಾವಾಗ ಬೇಕಾದರೂ ವಿಚಾರ ಮುಗಿಸಬಹುದಿತ್ತು. ನಾನು ಗೆದ್ದ ಆಟ ಇದು.

“ತೋಳಾ ಆಗಿದ್ರ ನಾಯಿ ಬೊಗಳತಿತ್ತು. ಕುರುಬರ ಕೂಸಿಗೂ ತಿಳಿಯೂ ಮಾತು. ಅವಗ ಆ ಹೊತ್ತಿಗೆ ತಿಳೀಲಿಲ್ಲ.”

ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನೀನು ಕಾಕಾನನ್ನು ನೋಡುವ ಕಣ್ಣು ಬೇರೆ ಆಗುತ್ತಿತ್ತು, ಅವನು ಅದನ್ನು ತಾಳುತ್ತಿರಲಿಲ್ಲ ಎಂದಳು. ಆ ಕಾಡತೂಸನ್ನು ಕಾಕಾ ಹಾಳುಬಾವಿಗೆ ಒಗೆಯಲು ಹೊರಟಿದ್ದ, ಇವಳು ಕೈಯಿಂದ ಕಸಿದುಕೊಂಡಿದ್ದಳು. ಬಾವಿಗೆ ಒಗೆದರೆ ಅದು ಏನು ಮಾಡುತ್ತದೆಂದು ಯಾರು ಕಂಡವರು? ಅದನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಅಷ್ಟರಲ್ಲಿ ಬೆಳಗಾವಿಯಿಂದ ಎಣ್ಣೆಯ ಸುದ್ದಿ ಬಂತು. ಎಲ್ಲರೂ ಅದನ್ನು ತಪ್ಪೆಂದು ಕೇಳಿಸಿಕೊಂಡರೆ ಅವ್ವ ಉಪಾಯವೆಂದು ಕೇಳಿಸಿಕೊಂಡಳು. ಅಂದಿನಿಂದ ದೀಪಕ್ಕೆ ಎಣ್ಣೆ ಹಾಕುವಾಗಲೆಲ್ಲ ಇದಕ್ಕೂ ಒಂದು ಹನಿ.

“ಅದರ ಮನಸಿನ್ಯಾಗ ನೀ ಇನ್ನೂ ಅದೀ. ಮಲಗಿರಲಿ ಅಂತ ಎಣ್ಣಿ ಹಾಕ್ತೀನಿ. ನೀ ಹುಕ್ಕೇರಿಗೆ ಹೋದಾಗೂ ಹಾಕೀನಿ, ಹಡಿಯಾಕ ಬಂದಾಗೂ ಹಾಕೀನಿ.”

ನಾನು ಓದಿದವಳು, ಮಕ್ಕಳಿಗೆ ವಿಜ್ಞಾನ ಹೇಳುವವಳು. ಕಬ್ಬಿಣಕ್ಕೂ ಹಿತ್ತಾಳೆಗೂ ಮನಸ್ಸಿರುವುದಿಲ್ಲ ಎನ್ನಬೇಕಿತ್ತು. ಕಿಟಕಿಯ ಕಲ್ಲಿನ ಮೇಲಿದ್ದ ಅದನ್ನು ನೋಡಿದೆ. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಕಾಕಾನ ಹೆಬ್ಬೆರಳು ಏನು ಹುಡುಕುತ್ತಿತ್ತೆಂದು ತಿಳಿದು ಇನ್ನೂ ಅತ್ತೆ. ಅವನು ಇದ್ದಾಗ ತಿಳಿದಿದ್ದರೆ, ಇಲ್ಲಿ ಗಾಯ ಏನೂ ಇಲ್ಲ ಕಾಕಾ, ನೋಡು ಎಂದು ನಾನೇ ಅವನ ಕೈ ಹಿಡಿದು ಸವರಿಸುತ್ತಿದ್ದೆ.

ಆದರೂ ಅದನ್ನು ಮನೆಯಲ್ಲಿ ಬಿಡುವುದು ಸಾಧ್ಯವಿರಲಿಲ್ಲ. ಠಾಣೆಗೆ ಫೋನ್ ಮಾಡಿದೆ. ಅಲುಗಿಸಬೇಡಿ, ಬೆಂಕಿಯ ಹತ್ತಿರ ಇಡಬೇಡಿ, ನಾವೇ ಬರುತ್ತೇವೆ ಎಂದರು. ಮಧ್ಯಾಹ್ನ ಹವಾಲ್ದಾರರು ಮರಳು ತುಂಬಿದ ಡಬ್ಬಿ ತಂದರು. ವಯಸ್ಸಾದ ಮನುಷ್ಯ, ಅವ್ವನಿಗೆ ಕೈಮುಗಿದು ಒಳಗೆ ಬಂದರು. ಕೊಡುವ ಮುಂಚೆ ಅವ್ವ ಅದಕ್ಕೆ ಇನ್ನೊಂದು ಹನಿ ಹಾಕಿದಳು. ಬೇಡವೆನ್ನಲು ಅವರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಅದನ್ನು ಮರಳಿನಲ್ಲಿ ಹೂತ ಮೇಲೆ ಅವ್ವ, ಇದನ್ನು ಏನು ಮಾಡುತ್ತೀರಿ ಎಂದು ಕೇಳಿದಳು.

“ಇಂಥಾವು ಎಲ್ಲಾ ಕೂಡಿಸಿ, ಊರ ಹೊರಗ ಬಯಲಾಗ ಒಮ್ಮಿಗೇ ಸಿಡಿಸತಾರ್ರಿ ಯವ್ವಾ.”

“ಯಾವತ್ತ?”

ಅದು ತಮಗೂ ತಿಳಿಸುವುದಿಲ್ಲ ಎಂದರು. ಅವ್ವ ಮೋಟರ್‌ಸೈಕಲ್ಲು ಕಣ್ಮರೆಯಾಗುವವರೆಗೂ ಬಾಗಿಲಲ್ಲಿ ನಿಂತಿದ್ದಳು. ಮರುದಿನ ಘಟ್ಟ ಹಾಕಿದೆವು, ದೀಪ ಹಚ್ಚಿದೆವು. ಅವ್ವ ದೀಪಕ್ಕೆ ಎಣ್ಣೆ ಹಾಕಿ, ರೂಢಿಯಂತೆ ಭಂಡಾರದ ಡಬ್ಬಿಯ ಮೇಲೂ ಸೌಟು ಹಿಡಿದು ತಡೆದಳು. ನನ್ನ ಕಡೆ ತಿರುಗಿ ಒಂದು ಗಳಿಗೆ ನೋಡಿದಳು.

ಆಗಿನಿಂದ ದಿನಾ ಬೆಳಿಗ್ಗೆ ಅವಳ ಫೋನು ಬರುತ್ತದೆ. ಮೊದಲೆಲ್ಲ ಹಬ್ಬಕ್ಕೊಮ್ಮೆ ಮಾಡುತ್ತಿದ್ದವಳು. ನಾನು ಎತ್ತಿದರೆ ಆ ಕಡೆಯಿಂದ ಏನೂ ಸದ್ದಿಲ್ಲ, ಅವಳ ಉಸಿರು ಮಾತ್ರ. ಯಜಮಾನರು ಈಗ ನಗುವುದಿಲ್ಲ. ಲೈಟರನ್ನು ಗೋಡೆಯ ಕಡೆ ಹಿಡಿದು ಅವರೂ ಸುಮ್ಮನೆ ನಿಲ್ಲುತ್ತಾರೆ. ಬಯಲಿನಲ್ಲಿ ಅದು ಸಿಡಿದಾಗಿದೆಯೋ, ಮರಳಿನೊಳಗೆ ಇನ್ನೂ ವಿಚಾರ ಮಾಡುತ್ತಿದೆಯೋ, ನಮಗೆ ಯಾರೂ ಹೇಳಿಲ್ಲ. ನಾನು ಇದ್ದೇನೆಂಬ ಮಾತಿಗಾಗಿ ಅವ್ವ ಕಾಯುತ್ತಿರುತ್ತಾಳೆ.

“ಅದೀನವ್ವಾ,” ಎನ್ನುತ್ತೇನೆ.

ಅವಳು ಫೋನು ಇಡುತ್ತಾಳೆ. ಟಕ್ ಎನ್ನುತ್ತದೆ.